ಗುಂಡನ ಕಾಲಿಗೆ ಏನಾಗಿತ್ತು?

ನಾಯಿಗೆ ನೋವಾದರೆ ಕುಂಯ್‌ಗುಡುತ್ತದೆ. ಬೆಕ್ಕು ಮಂಚದಡಿ ಸೇರಿಕೊಳ್ಳುತ್ತದೆ. ಹಸು ಮೇವು ಬಿಟ್ಟರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಬಾತುಕೋಳಿಯ ಸ್ವಭಾವ ಬೇರೆ. ಅದು ತನ್ನ ಕಾಯಿಲೆಯನ್ನು ಆದಷ್ಟು ದಿನ ಮುಚ್ಚಿಡುತ್ತದೆ. ಹಿಂಡಿನಲ್ಲಿ ಸೋತ ಹಕ್ಕಿ ಯಾವುದೆಂದು ಹದ್ದು, ನರಿ, ಮುಂಗುಸಿಗಳು ದೂರದಿಂದಲೇ ಗುರುತು ಹಿಡಿಯುತ್ತವೆ. ಆದ್ದರಿಂದ ಹುಷಾರಿಲ್ಲದ ಹಕ್ಕಿಯೂ ಹುಷಾರಾಗಿರುವಂತೆಯೇ ಓಡಾಡುತ್ತದೆ. ಅದರ ಸಂಕಟ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಅರ್ಧ ದಾರಿ ನಡೆದುಬಿಟ್ಟಿರುತ್ತದೆ.

ಸಂತೆಯಲ್ಲಿ ಹಳದಿ ತುಪ್ಪಳದ ಬಾತುಮರಿಗಳನ್ನು ಕಂಡು ಮನೆಗೆ ತರುವ ಮಕ್ಕಳು ಈಗೀಗ ಹೆಚ್ಚಾಗಿದ್ದಾರೆ. ತಂದ ಮರಿ ಒಂದು ದಿನ ಕಾರಣವೇ ತಿಳಿಯದಂತೆ ಕುಳಿತಲ್ಲೇ ಕುಳಿತುಬಿಟ್ಟರೆ ಏನು ಮಾಡಬೇಕು? ಯಾವುದನ್ನು ನೋಡಬೇಕು, ಯಾರನ್ನು ಕೇಳಬೇಕು? ನಮ್ಮ ಪಕ್ಕದ ಮನೆಯ ಅಕ್ಕ ತಮ್ಮ ಇಬ್ಬರು ಮಕ್ಕಳು ಇಂಥದೊಂದು ಕಾಯಿಲೆಯ ಬೆನ್ನು ಹತ್ತಿ ಅದರ ಮೂಲ ಕಂಡುಹಿಡಿದರು. ಮೊದಲು ಅವರ ಕತೆ, ಆಮೇಲೆ ಅದರಿಂದ ತಿಳಿದುಕೊಳ್ಳಬೇಕಾದ ಸಂಗತಿಗಳು.

ಒಂದೇ ಗೂಡು, ಎರಡು ಮರಿ

ಅಕ್ಕ ಆರನೇ ತರಗತಿ, ತಮ್ಮ ಎರಡನೇ ತರಗತಿ. ಉಡುಪಿ ಸೀಮೆಯ ನಮ್ಮ ಊರಿನಲ್ಲಿ ಮಳೆ ಹಿಂದಾಗುವ ಹೊತ್ತಿಗೆ ಅವರ ಅಪ್ಪ ವಾರದ ಸಂತೆಯಿಂದ ಎರಡು ಬಾತುಮರಿ ತಂದುಕೊಟ್ಟರು. ದುಂಡಗಿದ್ದದ್ದಕ್ಕೆ ಗುಂಡ ಎಂದೂ, ಸಣ್ಣದಕ್ಕೆ ಚಿಕ್ಕಿ ಎಂದೂ ಹೆಸರಾಯಿತು. ಮಾರಿದವನು ‘ನುಚ್ಚು ಹಾಕಿದರೆ ಸಾಕು, ತಾನಾಗಿ ಬೆಳೆಯುತ್ತದೆ’ ಎಂದು ಹೇಳಿ ಕಳಿಸಿದ್ದ. ಅದರಂತೆ ಬೆಳ್ತಿಗೆ ಅಕ್ಕಿಯ ನುಚ್ಚು, ಮಿಕ್ಕಿದ ಅನ್ನ, ಒಮ್ಮೊಮ್ಮೆ ನೆನೆಸಿದ ಬ್ರೆಡ್ಡು. ಎರಡಕ್ಕೂ ಒಂದೇ ಗೂಡು, ಒಂದೇ ತಟ್ಟೆ, ಒಂದೇ ನೀರಿನ ಬೋಗುಣಿ.

ಮೂರು ವಾರ ಎಲ್ಲವೂ ಸರಿಯಿತ್ತು. ಗುಂಡ ತಟ್ಟೆ ಬಿಟ್ಟು ಏಳುತ್ತಿರಲಿಲ್ಲ, ಚಿಕ್ಕಿ ಅಂಗಳ ಬಿಟ್ಟು ಕೂರುತ್ತಿರಲಿಲ್ಲ. ನವರಾತ್ರಿ ರಜೆ ಶುರುವಾದ ಎರಡನೆಯ ದಿನ ಗುಂಡ ನಾಲ್ಕು ಹೆಜ್ಜೆ ನಡೆದು ಕುಳಿತ. ಮರುದಿನ ಎರಡು ಹೆಜ್ಜೆ. ಮೂರನೆಯ ದಿನ ರೆಕ್ಕೆಗಳನ್ನು ನೆಲಕ್ಕೆ ಊರಿ, ಮೊಣಕಾಲ ಮೇಲೆ ತೆವಳಿಕೊಂಡು ತಟ್ಟೆಯ ಹತ್ತಿರ ಬಂದ. ಕಾಲುಗಳು ಬಿಲ್ಲಿನಂತೆ ಹೊರಕ್ಕೆ ಬಾಗಿದ್ದವು. ಗಾಯವಿಲ್ಲ, ಊತ ಹೆಚ್ಚೇನಿಲ್ಲ, ಬಿದ್ದದ್ದನ್ನು ಯಾರೂ ನೋಡಿಲ್ಲ. ಕಣ್ಣು ಮಾತ್ರ ಮೊದಲಿನಂತೆಯೇ ಹೊಳೆಯುತ್ತಿತ್ತು, ಹಸಿವೂ ಇತ್ತು.

‘ಅಜ್ಜ, ಇದಕ್ಕೆ ಎಂತ ಆಗಿದೆ? ಚಿಕ್ಕಿಗೆ ಯಾಕೆ ಏನೂ ಆಗಲಿಲ್ಲ?’ ಎಂದು ಹುಡುಗಿ ನನ್ನನ್ನು ಕೇಳಿದಳು. ಎರಡನೆಯ ಪ್ರಶ್ನೆಯಲ್ಲೇ ಮೊದಲನೆಯದರ ಉತ್ತರ ಇತ್ತೆಂದು ಆಗ ನಮಗಾರಿಗೂ ತಿಳಿದಿರಲಿಲ್ಲ.

ಹತ್ತಿರದ ಒಂದು ಚಿಕಿತ್ಸಾಲಯದಲ್ಲಿ ತೋರಿಸಿದ್ದಾಯಿತು. ಅಲ್ಲಿದ್ದವರಿಗೆ ದನ, ನಾಯಿಗಳ ರೂಢಿ. ಸುಣ್ಣದಂಶದ ಕೊರತೆ ಇರಬೇಕೆಂದು ಒಂದು ಕ್ಯಾಲ್ಸಿಯಂ ಟಾನಿಕ್ ಬರೆದುಕೊಟ್ಟರು. ಮೂರು ದಿನ ಕುಡಿಸಿದರೂ ಗುಂಡ ಏಳಲಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಮಾತು ಎದ್ದಿತು. ಒಬ್ಬರು ‘ಹಕ್ಕಿಜ್ವರ ಇರಬಹುದು ಮಾರಾಯ್ರೆ, ಮನೆಯಲ್ಲಿ ಇಟ್ಟುಕೊಳ್ಳಬೇಡಿ’ ಎಂದರು. ಇನ್ನೊಬ್ಬರು ‘ಹೊಳೆಗೆ ಬಿಟ್ಟು ಬನ್ನಿ, ಅದರ ಹಣೆಬರಹ’ ಎಂದರು. ಮಕ್ಕಳ ಅಪ್ಪನಿಗೂ ಅದೇ ಸರಿಯೆಂದು ಕಾಣತೊಡಗಿತು. ಅಂದು ರಾತ್ರಿ ತಮ್ಮ ಚಾಪೆ ತಂದು ಗೂಡಿನ ಪಕ್ಕದಲ್ಲೇ ಹಾಸಿಕೊಂಡು ಮಲಗಿದ. ಎಬ್ಬಿಸಿದರೆ ಏಳಲೊಲ್ಲ. ತಾನು ನಿದ್ದೆ ಹೋದಾಗ ಯಾರಾದರೂ ಗುಂಡನನ್ನು ಹೊಳೆಗೆ ಒಯ್ದುಬಿಟ್ಟರೆ ಎಂಬ ಹೆದರಿಕೆ ಅವನಿಗೆ.

ಮಗುವಿನ ಹೆದರಿಕೆ ಹಾಗಿರಲಿ, ಕಾಯಿಲೆ ಬಿದ್ದ ಸಾಕುಹಕ್ಕಿಯನ್ನು ಹೊಳೆಗೋ ಕೆರೆಗೋ ಬಿಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ನಡೆಯಲಾರದ ಬಾತು ಅಲ್ಲಿ ಒಂದು ದಿನವೂ ಉಳಿಯದು. ಕಾಯಿಲೆ ಅಂಟುವಂಥದಾಗಿದ್ದರೆ ಅಲ್ಲಿನ ಕಾಡುಹಕ್ಕಿಗಳಿಗೂ ಅದನ್ನು ದಾಟಿಸಿದಂತಾಗುತ್ತದೆ. ಆದ್ದರಿಂದ ಒಂದು ವಾರದ ಗಡುವು ಕೇಳಿಕೊಂಡೆವು. ಅಪ್ಪ ಒಪ್ಪಿದರು.

ನೋಟ್‌ಬುಕ್ಕಿನ ಐದು ಕಾಲಂ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರು ಬರೆದವನಿಗೆ ಒಂದು ಅಭ್ಯಾಸ ಬಿಡುವುದಿಲ್ಲ. ಲೆಕ್ಕ ತಾಳೆಯಾಗದಿದ್ದರೆ ತಲೆ ಕೆರೆದುಕೊಂಡು ಪ್ರಯೋಜನವಿಲ್ಲ, ಒಂದೊಂದೇ ಸಾಲು ಹಿಂದಕ್ಕೆ ಓದಬೇಕು. ಹಾಗೆ ಓದಬೇಕಾದರೆ ಮೊದಲು ಬರೆದಿರಬೇಕು. ಹುಡುಗಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟು, ಎರಡು ಮರಿಗಳಿಗೂ ಬೇರೆ ಬೇರೆ ಪುಟ ಮಾಡಿ, ಐದು ಕಾಲಂ ಹಾಕಿಸಿದೆ. ತೂಕ, ತಿಂದದ್ದು, ಕುಡಿದದ್ದು, ಹಿಕ್ಕೆಯ ಬಣ್ಣ, ನಡೆದ ಹೆಜ್ಜೆ. ಕೊನೆಯಲ್ಲಿ ‘ಇತರೆ’ ಎಂದು ಸ್ವಲ್ಪ ಜಾಗ. ಆ ಇತರೆಯಲ್ಲಿ ಅವು ದಿನವಿಡೀ ಎಲ್ಲೆಲ್ಲಿ ಹೋಗುತ್ತವೆ ಎಂಬುದನ್ನೂ ಬರೆಯಲು ಹೇಳಿದೆ.

ಮೊದಲ ದಿನ ಅಡುಗೆಮನೆಯ ತಕ್ಕಡಿಯಲ್ಲಿ ಗುಂಡ 520 ಗ್ರಾಂ, ಚಿಕ್ಕಿ 490 ಗ್ರಾಂ. ಅಂದರೆ ಕಾಲು ಸೋತ ಮರಿಯೇ ಹೆಚ್ಚು ತೂಗುತ್ತಿತ್ತು! ಹೊಟ್ಟೆಗಿಲ್ಲದೆ ಬಡವಾದ ಮರಿಯಲ್ಲ ಅದು. ನುಚ್ಚನ್ನು ಗುಂಡನೇ ಹೆಚ್ಚು ತಿನ್ನುತ್ತಿದ್ದ. ಹಿಕ್ಕೆ ಎರಡರದ್ದೂ ಒಂದೇ ತರ. ಇತರೆ ಕಾಲಂನಲ್ಲಿ ಮಾತ್ರ ಒಂದು ಸಾಲು ದಿನಾ ಬರುತ್ತಿತ್ತು: ‘ಹನ್ನೊಂದೂವರೆಗೆ ಚಿಕ್ಕಿ ಬೇಲಿ ನುಸಿದು ಹಿಂದಿನ ಮನೆಗೆ ಹೋಯಿತು.’ ನಾಲ್ಕು ದಿನವೂ ಅದೇ ಹೊತ್ತು. ಚಿಕ್ಕಿಯ ಕೈಯಲ್ಲಿ ಗಡಿಯಾರ ಕಟ್ಟಿದವರಾರು?

ತಮ್ಮ ಬೇಲಿಯ ಹತ್ತಿರ ಕಾದು ಕುಳಿತು ಪತ್ತೆ ಮಾಡಿಬಂದ. ಮೀನಿನ ಬುಟ್ಟಿ ಹೊತ್ತ ಹೆಂಗಸು ಬರುವುದು ಹನ್ನೊಂದು ಗಂಟೆಗೆ. ಹಿಂದಿನ ಮನೆಯ ಅಕ್ಕ ತೆಂಗಿನ ಕಟ್ಟೆಯಲ್ಲಿ ಕುಳಿತು ಭೂತಾಯಿ ಕೊಯ್ಯುವುದು ಹನ್ನೊಂದೂವರೆಗೆ. ತಾಜಾ ಮೀನಿನ ಚೂರುಗಳನ್ನು ಚಿಕ್ಕಿ ಅಲ್ಲಿ ದಿನವೂ ಹೆಕ್ಕಿ ತಿನ್ನುತ್ತಿತ್ತು. ಆಮೇಲೆ ಬಾಳೆಯ ಬುಡದ ಒದ್ದೆ ಮಣ್ಣು ಕೆದಕಿ ಎರೆಹುಳು. ಗುಂಡನ ಹೊಟ್ಟೆ ದೊಡ್ಡದು, ಬೇಲಿಯ ಸಂದಿ ಸಣ್ಣದು. ಅವನು ಮನೆಯಲ್ಲೇ ಇರುತ್ತಿದ್ದ, ನುಚ್ಚು ತಿನ್ನುತ್ತಿದ್ದ.

ಡಾಕ್ಟರು ಕೇಳಿದ ಪ್ರಶ್ನೆಗಳು

ಈ ನೋಟ್‌ಬುಕ್ಕನ್ನೂ, ರಟ್ಟಿನ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಗುಂಡನನ್ನೂ ಎತ್ತಿಕೊಂಡು ತಾಲ್ಲೂಕಿನ ಪಶು ಆಸ್ಪತ್ರೆಗೆ ಹೋದೆವು. ಅಲ್ಲಿದ್ದವರು ವಯಸ್ಸಿನಲ್ಲಿ ಚಿಕ್ಕ ಡಾಕ್ಟರಮ್ಮ. ಔಷಧದ ಬೀರು ತೆಗೆಯುವ ಮೊದಲು ಅವರು ಪ್ರಶ್ನೆಗಳ ಬೀರು ತೆಗೆದರು.

‘ಮನೆಯ ಸುತ್ತಮುತ್ತ ಕಾಗೆ, ಕೋಳಿ ಏನಾದರೂ ಸತ್ತಿವೆಯಾ?’ ಇಲ್ಲ. ‘ಕುತ್ತಿಗೆ ಎತ್ತಿ ಹಿಡಿಯುತ್ತದಾ?’ ಹಿಡಿಯುತ್ತದೆ. ‘ಮೊಳೆ, ತಂತಿ ಚೂರು, ನಾಣ್ಯ ನುಂಗಿರಬಹುದಾ?’ ನೋಡಿಲ್ಲ, ಹಿಕ್ಕೆ ಕಡು ಹಸಿರಾಗಿಲ್ಲ. ‘ಹಿಂಡಿ, ನುಚ್ಚು ಬೂಷ್ಟು ಹಿಡಿದದ್ದಾ?’ ಅಲ್ಲ. ಪಾದದ ಅಡಿಯನ್ನು ತಿರುಗಿಸಿ ಕಪ್ಪು ಗಂಟು ಇದೆಯೇ ಎಂದು ನೋಡಿದರು, ಇರಲಿಲ್ಲ. ಎಲುಬು ಮುಟ್ಟಿ ನೋಡಿದರು, ಮುರಿದಿರಲಿಲ್ಲ. ಆಮೇಲೆ ನೋಟ್‌ಬುಕ್ಕಿನ ಎರಡು ಪುಟಗಳನ್ನು ಅಕ್ಕಪಕ್ಕ ಹಿಡಿದು ಓದಿ, ಹುಡುಗಿಯ ಕಡೆ ತಿರುಗಿ ಹೇಳಿದರು: ‘ಒಂದೇ ಗೂಡು, ಒಂದೇ ತಟ್ಟೆ ಅಂತ ಹೇಳಿದಿಯಲ್ಲ ಪುಟ್ಟಿ, ಆದರೆ ಒಂದೇ ಊಟ ಅಲ್ಲ. ಕಾಯಿಲೆ ಹಿಡಿದುಕೊಟ್ಟವಳು ನೀನೇ.’

ಗುಂಡನಿಗೆ ಕೊರತೆಯಾಗಿದ್ದದ್ದು ನಿಯಾಸಿನ್. ಇದು ಬಿ ಗುಂಪಿನ ಜೀವಸತ್ವ, ಬಿ-3 ಎಂದೂ ಕರೆಯುತ್ತಾರೆ. ತಿಂದ ಆಹಾರವನ್ನು ಶಕ್ತಿಯಾಗಿ ಮಾಡಿಕೊಳ್ಳಲು ದೇಹದ ಪ್ರತಿ ಕಣಕ್ಕೂ ಅದು ಬೇಕು. ಬೆಳೆಯುವ ಬಾತುಮರಿಗೆ ಅದು ಸಾಲದಾದರೆ ಕೀಲು ದಪ್ಪಗಾಗುತ್ತದೆ, ಕಾಲು ಬಾಗುತ್ತದೆ, ಕೊನೆಗೆ ನಿಲ್ಲಲೂ ಆಗುವುದಿಲ್ಲ.

ಇಲ್ಲೊಂದು ಲೆಕ್ಕವಿದೆ. 1 ಕಿಲೋ ಆಹಾರದಲ್ಲಿ ಮಾಂಸದ ಕೋಳಿಮರಿಗೆ ಸುಮಾರು 35 ಮಿಲಿಗ್ರಾಂ ನಿಯಾಸಿನ್ ಇದ್ದರೆ ಸಾಕು. ಎಳೆಯ ಬಾತುಮರಿಗೆ 55 ಮಿಲಿಗ್ರಾಂ ಬೇಕು. ಪ್ರೋಟೀನಿನಲ್ಲಿರುವ ಟ್ರಿಪ್ಟೋಫಾನ್ ಎಂಬ ಅಂಶದಿಂದ ಕೋಳಿಯ ದೇಹ ಸ್ವಲ್ಪ ನಿಯಾಸಿನ್ನನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬಾತಿಗೆ ಆ ಕೆಲಸ ಅಷ್ಟಾಗಿ ಬರುವುದಿಲ್ಲ. ಕೋಳಿಮರಿಯ ಆಹಾರ ತಿಂದು ಕೋಳಿಮರಿ ಜೋರಾಗಿ ಬೆಳೆದರೂ ಪಕ್ಕದಲ್ಲೇ ಬಾತುಮರಿ ಕುಂಟುವುದು ಇದೇ ಕಾರಣಕ್ಕೆ. ಪಾಲಿಷ್ ಮಾಡಿದ ಬಿಳಿ ಅಕ್ಕಿಯಲ್ಲಂತೂ ಬಾತುಮರಿಗೆ ಬೇಕಾದದ್ದರಲ್ಲಿ ಮೂರನೇ ಒಂದು ಪಾಲು ಸಿಗುವುದೂ ಕಷ್ಟ. ನುಚ್ಚು ಹೆಚ್ಚು ತಿಂದ ಗುಂಡ ಬೇಗ ತೂಕ ಹಾಕಿದ, ಆ ತೂಕ ಹೊರುವ ಕಾಲಿಗೆ ಬೇಕಾದದ್ದು ಮಾತ್ರ ಸಿಗಲಿಲ್ಲ. ಚಿಕ್ಕಿಗೆ ಅದು ಭೂತಾಯಿ ಮೀನಿನಿಂದಲೂ ಎರೆಹುಳುವಿನಿಂದಲೂ ಸಿಗುತ್ತಿತ್ತು.

ಆರೈಕೆಯ ದಿನಗಳು

ಡಾಕ್ಟರಮ್ಮ ಬಿ-ಕಾಂಪ್ಲೆಕ್ಸಿನ ದ್ರವವನ್ನು ಗುಂಡನ ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿ ಬರೆದುಕೊಟ್ಟರು. ಕುಡಿಯುವ ನೀರಿಗೆ ಬೆರೆಸಿ, ದಿನಾ ಬೆಳಿಗ್ಗೆ ಹಳೆಯದನ್ನು ಚೆಲ್ಲಿ ಹೊಸದು ಇಡಬೇಕು. ಊಟವೂ ಬದಲಾಯಿತು. ನುಚ್ಚು ಕಡಿಮೆ ಮಾಡಿ ಅಕ್ಕಿ ತವುಡು, ಗೋಧಿ ಬೂಸಾ, ಬೇಯಿಸಿದ ಹಸಿರು ಬಟಾಣಿ, ಉಪ್ಪಿಲ್ಲದೆ ಬೇಯಿಸಿ ಪುಡಿಮಾಡಿದ ನೆಲಗಡಲೆ, ಹಿಂದಿನ ಮನೆಯಿಂದ ಒಂದು ಹಿಡಿ ತಾಜಾ ಮೀನಿನ ಚೂರು. ನೆಲಗಡಲೆಯಲ್ಲಿ 100 ಗ್ರಾಂಗೆ ಸುಮಾರು 12 ಮಿಲಿಗ್ರಾಂ ನಿಯಾಸಿನ್ ಇದೆ. ಮೀನು ಅಂದಂದಿನದೇ ಆಗಿರಬೇಕು, ಕೊಳೆತದ್ದು ಬೇಡವೇ ಬೇಡ ಎಂದು ಎರಡು ಸಲ ಹೇಳಿದರು. ಅದರ ಕಾರಣ ಮುಂದೆ ಬರುತ್ತದೆ.

ಔಷಧದಷ್ಟೇ ಮುಖ್ಯವಾದದ್ದು ದಿನದ ಆರೈಕೆ. ನುಣುಪು ನೆಲದ ಮೇಲೆ, ನ್ಯೂಸ್‌ಪೇಪರಿನ ಮೇಲೆ ಸೋತ ಕಾಲು ಜಾರಿ ಅಗಲವಾಗುತ್ತದೆ. ಅದಕ್ಕಾಗಿ ಹುಲ್ಲು, ಅದರ ಮೇಲೆ ಹಳೆಯ ಗೋಣಿ. ತಟ್ಟೆ, ನೀರು ಎರಡೂ ಕುತ್ತಿಗೆಗೆ ಎಟಕುವಷ್ಟು ಹತ್ತಿರ. ಬಾತುಕೋಳಿ ನೀರಿಲ್ಲದೆ ಒಣ ಆಹಾರ ನುಂಗಲಾರದು, ಕೊಕ್ಕು ಮುಳುಗಿಸಿ ಮೂಗಿನ ಹೊಳ್ಳೆ ತೊಳೆದುಕೊಳ್ಳಲೂ ನೀರು ಬೇಕು. ಆದ್ದರಿಂದ ಬೋಗುಣಿ ಕೊಕ್ಕು ಪೂರ್ತಿ ಮುಳುಗುವಷ್ಟು ಆಳವಿರಬೇಕು. ಕುಳಿತಲ್ಲೇ ಕುಳಿತರೆ ಎದೆಯ ತುಪ್ಪಳ ಹೊಲಸಾಗಿ ಹುಣ್ಣಾಗುತ್ತದೆ. ಅದಕ್ಕೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಹಾಸು ಬದಲಿಸುವುದು ತಮ್ಮನ ಡ್ಯೂಟಿ.

ದಿನಕ್ಕೆರಡು ಸಲ ಬಟ್ಟೆ ಒಗೆಯುವ ಟಬ್ಬಿನಲ್ಲಿ ಉಗುರು ಬೆಚ್ಚಗಿನ ನೀರು ತುಂಬಿ ಹತ್ತು ನಿಮಿಷ ಗುಂಡನನ್ನು ತೇಲಿಬಿಡುತ್ತಿದ್ದರು. ನೀರಿನಲ್ಲಿ ಮೈಭಾರ ಕಾಲಿಗೆ ಬೀಳುವುದಿಲ್ಲ, ಆದರೆ ಕಾಲು ಬಡಿಯುವ ಅಭ್ಯಾಸ ತಪ್ಪುವುದಿಲ್ಲ. ತಾಯಿಯಿಲ್ಲದೆ ಬೆಳೆದ ಬಾತುಮರಿಗಳ ತುಪ್ಪಳಕ್ಕೆ ಎಣ್ಣೆಯ ಲೇಪ ಸರಿಯಾಗಿ ಆಗಿರುವುದಿಲ್ಲ. ಅವು ಬೇಗ ನೆನೆದು ಚಳಿ ಹಿಡಿಯುತ್ತವೆ. ಹಾಗಾಗಿ ಒಬ್ಬರು ಕೈಯಿಟ್ಟುಕೊಂಡೇ ಇರಬೇಕು, ತೆಗೆದ ಕೂಡಲೇ ಟವೆಲಿನಲ್ಲಿ ಒರೆಸಿ ಬಿಸಿಲಿಗೋ ಬೆಚ್ಚಗಿನ ಮೂಲೆಗೋ ಒಯ್ಯಬೇಕು.

ಮೊದಲ ಎರಡು ದಿನ ಹೆಜ್ಜೆಯ ಕಾಲಂನಲ್ಲಿ ಸೊನ್ನೆ, ಸೊನ್ನೆ. ಮೂರನೆಯ ದಿನ ಸಂಜೆ ಹುಡುಗಿ ಬರೆದದ್ದು: ‘ನಿಂತ. ಎಣಿಸಿದೆ, ಹದಿನಾಲ್ಕು ಸೆಕೆಂಡು.’ ಐದನೆಯ ದಿನ ಆರು ಹೆಜ್ಜೆ. ಒಂದು ವಾರದ ಗಡುವು ಮುಗಿಯುವ ದಿನ ಅಪ್ಪ ಅಂಗಡಿಯಿಂದ ಬಂದಾಗ ಗುಂಡ ಜಗಲಿಯಿಂದ ತುಳಸಿಕಟ್ಟೆಯ ತನಕ ಓಲಾಡಿಕೊಂಡು ನಡೆದುಹೋದ. ಹೊಳೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಬಲಗಾಲು ಈಗಲೂ ತುಸು ಹೊರಕ್ಕೆ ಬಾಗಿದೆ, ಅದು ಹಾಗೆಯೇ ಉಳಿಯುತ್ತದಂತೆ. ಎಲುಬು ಬಾಗಿ ಬಲಿತ ಮೇಲೆ ಜೀವಸತ್ವದಿಂದ ಅದನ್ನು ನೆಟ್ಟಗೆ ಮಾಡಲು ಆಗುವುದಿಲ್ಲ. ಈ ಕಾಯಿಲೆಯಲ್ಲಿ ದಿನಗಳಿಗೆ ಬೆಲೆ ಇರುವುದು ಅದಕ್ಕೇ.

ಕೋಳಿಗಳು ಕಲಿಸಿದ ಪಾಠ

ಅಕ್ಕಿಗೂ ಕಾಲಿಗೂ ಇರುವ ಈ ನಂಟು ಹೊಸದಲ್ಲ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದರು. ಮನುಷ್ಯರ ಕೈಕಾಲು ಸೋಲಿಸಿ ಕೊಲ್ಲುತ್ತಿದ್ದ ಆ ರೋಗ ಯಾವುದೋ ರೋಗಾಣುವಿನಿಂದ ಬರುತ್ತದೆಂದು ಆಗಿನವರ ನಂಬಿಕೆ. ಒಮ್ಮೆ ಅವರ ಪ್ರಯೋಗಶಾಲೆಯ ಕೋಳಿಗಳೆಲ್ಲ ಕಾಲು ಸೋತು ಬಿದ್ದವು. ಸ್ವಲ್ಪ ದಿನದಲ್ಲಿ ತಾವಾಗಿಯೇ ಎದ್ದವು. ವಿಚಾರಿಸಿದರೆ ಕಾರಣ ಇದ್ದದ್ದು ಅಡುಗೆಮನೆಯಲ್ಲಿ! ಕೋಳಿಗಳಿಗೆ ಸೈನಿಕ ಆಸ್ಪತ್ರೆಯ ಬಿಳಿ ಅನ್ನ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವನು ಸೈನ್ಯದ ಅನ್ನ ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲಾಗದೆಂದು ನಿಲ್ಲಿಸಿಬಿಟ್ಟ. ತವುಡು ತೆಗೆಯದ ಅಕ್ಕಿ ತಿಂದು ಕೋಳಿಗಳು ಹುಷಾರಾದವು.

ಆ ಕೋಳಿಗಳಿಗೆ ಕೊರತೆಯಾಗಿದ್ದದ್ದು ಬಿ-1, ಅಂದರೆ ಥಯಾಮಿನ್. ತವುಡಿನಲ್ಲಿ ಇರುವ ಏನೋ ಒಂದು ಅಂಶ ಜೀವಕ್ಕೆ ಬೇಕು ಎಂಬ ಈ ದಾರಿಯೇ ಮುಂದೆ ಜೀವಸತ್ವಗಳ ಶೋಧಕ್ಕೆ ಕರೆದೊಯ್ದಿತು. 1929ರಲ್ಲಿ ಐಕ್ಮನ್‌ರಿಗೆ ನೊಬೆಲ್ ಪ್ರಶಸ್ತಿ ಬಂತು. ನಿಯಾಸಿನ್ ಸರದಿ ಬಂದದ್ದು ಆಮೇಲೆ. 1937ರಲ್ಲಿ ಅಮೆರಿಕದ ವಿಜ್ಞಾನಿ ಕಾನ್ರಾಡ್ ಎಲ್ವೆಹೆಮ್ ನಾಯಿಗಳ ನಾಲಿಗೆ ಕಪ್ಪಾಗುವ ಕಾಯಿಲೆಯನ್ನು ನಿಕೋಟಿನಿಕ್ ಆಮ್ಲದಿಂದ ಗುಣಪಡಿಸಿದರು. ಅದೇ ನಮ್ಮ ನಿಯಾಸಿನ್. ಮನುಷ್ಯರನ್ನು ಕಾಡುತ್ತಿದ್ದ ಪೆಲ್ಲಾಗ್ರ ಎಂಬ ರೋಗಕ್ಕೂ ಅದೇ ಮದ್ದಾಯಿತು.

ನಮ್ಮ ಕರಾವಳಿಯ ಅಜ್ಜಿಯರು ಕುಚ್ಚಲಕ್ಕಿಯ ಗಂಜಿಯನ್ನು ಬಿಡದೆ ಉಣ್ಣುತ್ತಿದ್ದದ್ದರಲ್ಲಿ ಒಂದು ಅರ್ಥವಿತ್ತು. ಭತ್ತವನ್ನು ಬೇಯಿಸಿ ಒಣಗಿಸುವಾಗ ಹೊರಪದರದ ಬಿ ಜೀವಸತ್ವಗಳು ಸ್ವಲ್ಪಮಟ್ಟಿಗೆ ಕಾಳಿನೊಳಕ್ಕೆ ಇಳಿಯುತ್ತವೆ, ಆಮೇಲೆ ಪಾಲಿಷ್ ಮಾಡಿದರೂ ಪೂರ್ತಿ ಹೋಗುವುದಿಲ್ಲ.

ಇನ್ನೂ ಮೂರು ನಿಗೂಢಗಳು

ಕಾಲು ಸೋತ ಬಾತುಗಳೆಲ್ಲಕ್ಕೂ ನಿಯಾಸಿನ್ ಕೊರತೆಯೇ ಇರಬೇಕೆಂದಿಲ್ಲ. ಡಾಕ್ಟರಮ್ಮ ಅಷ್ಟೊಂದು ಪ್ರಶ್ನೆ ಕೇಳಿದ್ದಕ್ಕೆ ಕಾರಣಗಳಿವೆ. ಒಂದೊಂದು ಪ್ರಶ್ನೆಯ ಹಿಂದೆ ಒಂದೊಂದು ದೊಡ್ಡ ಕತೆ.

ಕುತ್ತಿಗೆಯ ಪ್ರಶ್ನೆಯನ್ನೇ ನೋಡಿ. 1910ರಲ್ಲಿ ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್ ಎಂಬ ಉಪ್ಪುನೀರಿನ ಸರೋವರದಲ್ಲಿ ಕಾಡುಬಾತುಗಳು ರಾಶಿರಾಶಿಯಾಗಿ ಸತ್ತವು. ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ಕುತ್ತಿಗೆ ಸೋತು ತಲೆ ನೀರಿಗೆ ಬಿದ್ದು ಮುಳುಗುತ್ತಿದ್ದವು. ನೀರಿನ ಕ್ಷಾರವೇ ವಿಷವೆಂದು ಎಷ್ಟೋ ವರ್ಷ ತಿಳಿದುಕೊಂಡಿದ್ದರು. ನಿಜವಾದ ಕಾರಣ ಬಾಟ್ಯುಲಿಸಂ ಎಂದು ಗೊತ್ತಾದದ್ದು 1930ರ ಹೊತ್ತಿಗೆ. ಕೊಳೆತ ವಸ್ತುವಿನಲ್ಲಿ, ಗಾಳಿಯಿಲ್ಲದ ಕೆಸರಿನಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಈ ವಿಷ ಮಾಡುತ್ತದೆ. ಸತ್ತ ಹಕ್ಕಿಯ ಮೇಲಿನ ಹುಳುಗಳಲ್ಲಿ ಆ ವಿಷ ಸೇರುತ್ತದೆ, ಆ ಹುಳು ತಿಂದ ಹಕ್ಕಿ ಸಾಯುತ್ತದೆ, ಅದರ ಮೇಲೆ ಮತ್ತೆ ಹುಳು. ನಮ್ಮ ದೇಶದಲ್ಲೂ ಇದು ನಡೆದಿದೆ. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ 18,000ಕ್ಕೂ ಹೆಚ್ಚು ಹಕ್ಕಿಗಳು ಸತ್ತವು. ಅದು ಬಾಟ್ಯುಲಿಸಂ ಎಂದು ಖಚಿತಪಡಿಸಿದ್ದು ಬರೇಲಿಯ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ. ಕೊಳೆತ ಮೀನು ಬೇಡ ಎಂದು ಡಾಕ್ಟರಮ್ಮ ಎರಡು ಸಲ ಹೇಳಿದ್ದು ಇದಕ್ಕೇ. ಮನೆಯ ಬಾತು ಆಡುವ ಹೊಂಡದಲ್ಲಿ ಎಲೆ ಕೊಳೆಯದಂತೆ, ಸತ್ತ ಇಲಿ ಕಪ್ಪೆ ಬಿದ್ದಿರದಂತೆ ನೋಡಿಕೊಳ್ಳಬೇಕು.

ಬೂಷ್ಟಿನ ಪ್ರಶ್ನೆಗೆ ಇನ್ನೊಂದು ಕತೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಬಾತುಮರಿಗಳೂ ಸತ್ತವು. ಕಾರಣ ತಿಳಿಯದೆ ‘ಟರ್ಕಿ ಎಕ್ಸ್ ಕಾಯಿಲೆ’ ಎಂದು ಹೆಸರಿಟ್ಟರು. ಕೊನೆಗೆ ಸಿಕ್ಕಿಬಿದ್ದದ್ದು ಬ್ರೆಜಿಲಿನಿಂದ ಬಂದ ನೆಲಗಡಲೆ ಹಿಂಡಿ. ಅದರಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆದಿತ್ತು. ಆ ಬೂಷ್ಟಿನ ಹೆಸರಿನಿಂದಲೇ ಅದರ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು. ಈ ವಿಷ ಬಾತುಮರಿಗಳ ಯಕೃತ್ತಿಗೆ ಎಷ್ಟು ಬೇಗ ತಾಗುತ್ತದೆಂದರೆ, ಆಹಾರದಲ್ಲಿ ವಿಷವಿದೆಯೇ ಎಂದು ಪರೀಕ್ಷಿಸಲು ವಿಜ್ಞಾನಿಗಳು ಬಾತುಮರಿಗಳನ್ನೇ ಬಳಸುತ್ತಿದ್ದರು. ಮಳೆಗಾಲದಲ್ಲಿ ನಮ್ಮ ಕಡೆ ಚೀಲದ ಬಾಯಿ ತೆರೆದಿಟ್ಟರೆ ಹಿಂಡಿ, ಜೋಳ, ನೆಲಗಡಲೆ ಎರಡು ದಿನದಲ್ಲಿ ಮುಗ್ಗಲು ವಾಸನೆ ಬರುತ್ತದೆ. ‘ನಮಗೆ ಬೇಡವಾದದ್ದು ಬಾತಿಗೆ ಆದೀತು’ ಎನ್ನಬಾರದು. ಬೂಷ್ಟು ಹಿಡಿದದ್ದನ್ನು ತೊಳೆದರೂ ಬೇಯಿಸಿದರೂ ವಿಷ ಹೋಗುವುದಿಲ್ಲ. ಅದನ್ನು ಎಸೆಯುವುದೇ ದಾರಿ.

ಮೂರನೆಯದು ಮೊಳೆ, ನಾಣ್ಯದ ಪ್ರಶ್ನೆ. ಬಾತುಕೋಳಿಗೆ ಹೊಳೆಯುವ ವಸ್ತು ಕಂಡರೆ ನುಂಗುವ ಚಟ. ಸೀಸದ ಚೂರು, ಸತುವಿನ ಲೇಪವಿರುವ ತಂತಿ ಹೊಟ್ಟೆಗೆ ಹೋದರೆ ಅಲ್ಲೇ ಕರಗಿ ರಕ್ತಕ್ಕೆ ಸೇರುತ್ತವೆ. ಹಕ್ಕಿ ಮಂಕಾಗುತ್ತದೆ, ಕಾಲು ಕುತ್ತಿಗೆ ಸೋಲುತ್ತವೆ, ಹಿಕ್ಕೆ ಹಸಿರಾಗುತ್ತದೆ. ಎಕ್ಸ್‌ರೇ ತೆಗೆದರೆ ಲೋಹದ ಚೂರು ಕಾಣುತ್ತದೆ, ಬೇಗ ಹೋದರೆ ಚಿಕಿತ್ಸೆಯೂ ಇದೆ. ಮನೆ ಕಟ್ಟುವ, ಬೇಲಿ ಹಾಕುವ ಕೆಲಸವಾದ ಮೇಲೆ ಅಂಗಳ ಗುಡಿಸಿ ಮೊಳೆ ತಂತಿ ಹೆಕ್ಕುವುದು ಮಕ್ಕಳಿಗೆ ಒಪ್ಪುವ ಕೆಲಸ.

ಹೆದರಬೇಕಾದದ್ದು ಯಾವಾಗ?

ಹಕ್ಕಿಜ್ವರದ ಮಾತನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಕೇರಳದ ಕುಟ್ಟನಾಡಿನಲ್ಲಿ ಬಾತು ಸಾಕುವುದೇ ಎಷ್ಟೋ ಮನೆಗಳ ಬದುಕು. ಅಲ್ಲಿ 2014ರಲ್ಲೂ 2021ರಲ್ಲೂ ಹಕ್ಕಿಜ್ವರ ಬಂದು ಸಾವಿರಾರು ಬಾತುಗಳನ್ನು ಕೊಲ್ಲಬೇಕಾಯಿತು. ಹಾಗೆಂದು ಕುಂಟುವ ಒಂದು ಮರಿಯನ್ನು ಕಂಡು ಕೇರಿಯೇ ಬೆದರಬೇಕಿಲ್ಲ. ಹಲವು ಹಕ್ಕಿಗಳು ಒಟ್ಟಿಗೆ ಕಾಯಿಲೆ ಬಿದ್ದರೆ, ಒಂದರ ಹಿಂದೆ ಒಂದು ಸತ್ತರೆ, ಊರಲ್ಲಿ ಕಾಗೆ ಕೋಳಿಗಳು ಸಾಯುತ್ತಿದ್ದರೆ, ತಲೆ ಊದಿ ಮೂಗು ಸೋರಿ ಉಸಿರು ಕಟ್ಟಿದರೆ ತಡಮಾಡದೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಮಕ್ಕಳಂತೂ ಹತ್ತಿರವೇ ಹೋಗಬಾರದು. ಬಾತು ಪ್ಲೇಗ್ ಎಂಬ ವೈರಸ್ ಕಾಯಿಲೆಯೂ ಹೀಗೆಯೇ ಹಿಂಡನ್ನು ಕೊಲ್ಲುತ್ತದೆ, ಅದಕ್ಕೆ ಲಸಿಕೆ ಇದೆ. ಎರಡು ಮೂರಕ್ಕಿಂತ ಹೆಚ್ಚು ಬಾತು ಸಾಕುವವರು ಲಸಿಕೆಯ ವಿಚಾರ ಪಶುವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಆರೋಗ್ಯವಾಗಿರುವ ಬಾತಿನ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾದಂಥ ರೋಗಾಣು ಇರಬಹುದು. ಮುದ್ದಾಡಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಕೊಕ್ಕಿಗೆ ಮುತ್ತು ಕೊಡುವುದು, ಊಟದ ಮೇಜಿನ ಮೇಲೆ ಕೂರಿಸುವುದು ಬೇಡ. ಕಾಯಿಲೆಯ ಹಕ್ಕಿಯನ್ನು ಕಾರಣ ತಿಳಿಯುವ ತನಕ ಉಳಿದವುಗಳಿಂದ ಬೇರೆ ಇಡಬೇಕು, ಆದರೆ ಅವುಗಳ ದನಿ ಕೇಳುವಷ್ಟು ದೂರದಲ್ಲಿ. ಬಾತು ಗುಂಪಿನ ಪ್ರಾಣಿ, ಒಂಟಿಯಾದರೆ ಊಟ ಬಿಡುತ್ತದೆ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಮನೆಯ ಮಾತ್ರೆ ಡಬ್ಬಿಯಿಂದ ನಮ್ಮ ಮಾತ್ರೆ ತೆಗೆದು ಚೂರು ಮಾಡಿ ಹಕ್ಕಿಗೆ ಹಾಕಬೇಡಿ. ಅರ್ಧ ಕಿಲೋ ತೂಗುವ ಜೀವಕ್ಕೆ ನಮ್ಮ ಅರ್ಧ ಮಾತ್ರೆಯೂ ಬೆಟ್ಟದಷ್ಟು. ಬೆಣ್ಣೆಹಣ್ಣು, ಚಾಕೊಲೇಟು, ಉಪ್ಪು ಹಾಕಿ ಹುರಿದ ತಿಂಡಿ ಬಾತಿಗೆ ಆಗುವುದಿಲ್ಲ. ಬ್ರೆಡ್ಡು ಹೊಟ್ಟೆ ತುಂಬಿಸುತ್ತದೆ, ಮೈಗೆ ಹಿಡಿಯುವುದಿಲ್ಲ. ಬಾತು ಸಾಕುವ ಬಗ್ಗೆ ತಿಳಿಯಬೇಕೆಂದರೆ ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆ ಇದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ.

ಮಕ್ಕಳೇ, ನಿಮ್ಮ ಮನೆಯಲ್ಲಿ ಬಾತು ಇರಲಿ, ಗಿಳಿ ಇರಲಿ, ಮೊಲ ಇರಲಿ, ಹುಷಾರಾಗಿರುವಾಗಲೇ ಅದರ ಹೆಸರಿನಲ್ಲಿ ಒಂದು ನೋಟ್‌ಬುಕ್ ತೆರೆಯಿರಿ. ವಾರಕ್ಕೊಮ್ಮೆ ತೂಕ, ಊಟ, ನಡಿಗೆ ಬರೆದಿಡಿ. ಎಲ್ಲವೂ ಸರಿಯಿರುವ ದಿನ ಅದು ಹೇಗಿರುತ್ತದೆಂದು ಗೊತ್ತಿದ್ದರೆ ಮಾತ್ರ ಸರಿಯಿಲ್ಲದ ದಿನ ಗುರುತು ಸಿಗುತ್ತದೆ. ಡಾಕ್ಟರ ಹತ್ತಿರ ಹೋಗುವಾಗ ಆ ಪುಸ್ತಕವನ್ನೂ, ಅದು ತಿನ್ನುವ ಆಹಾರವನ್ನು ಒಂದು ಹಿಡಿ ಪೊಟ್ಟಣದಲ್ಲಿ ಕಟ್ಟಿಕೊಂಡೂ ಹೋಗಿ.

ಹಾಗೆ ಬರೆಯುತ್ತಿದ್ದ ಹುಡುಗಿಗೆ ಎಂಟನೆಯ ವಾರದಲ್ಲಿ ಇನ್ನೊಂದು ವಿಷಯ ಪತ್ತೆಯಾಯಿತು. ಬಾತುಗಳಲ್ಲಿ ಗಂಡಿನ ದನಿ ಒಡಕು, ಪಿಸುಗುಟ್ಟಿದಂತೆ ಇರುತ್ತದೆ. ಬೀದಿಗೆಲ್ಲ ಕೇಳುವಂತೆ ‘ಕ್ವಾಕ್ ಕ್ವಾಕ್’ ಎನ್ನುವುದು ಹೆಣ್ಣು. ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದದ್ದು ಗುಂಡ! ಹೆಸರು ಬದಲಿಸಬೇಕೇ ಎಂದು ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಬೇಡ, ಅದೇ ಇರಲಿ ಎಂದು ತಮ್ಮ ತೀರ್ಪು ಕೊಟ್ಟ. ನೋಟ್‌ಬುಕ್ಕಿನಲ್ಲಿ ಈಗ ಆರನೆಯ ಕಾಲಂ ಒಂದು ಸೇರಿದೆ: ಮೊಟ್ಟೆ.